ಎಡಕ್ಕೆ ವಾಲಿದ ಹೊಲಿಗೆ

ಎಡಕ್ಕೆ ವಾಲಿವೆ, ಹೌದು, ಎಡಕ್ಕೇ, ಕನ್ನಡಕ ಒರೆಸಿಕೊಂಡು ನೋಡಿದರೂ ಎಡಕ್ಕೇ, ಗಾಳಿ ಬೀಸಿದಾಗ ಪೈರು ಒಂದೇ ಕಡೆ ಬಾಗುತ್ತದಲ್ಲ ಹಾಗೆ, ಒಂದರ ಪಕ್ಕ ಒಂದು, ಅಕ್ಕಿ ನುಚ್ಚಿನಷ್ಟು ಸಣ್ಣ ಕೆಂಪು ಹೊಲಿಗೆಗಳು, ನನ್ನವಲ್ಲ ಇವು, ನನ್ನ ಹೊಲಿಗೆ ಬಲಕ್ಕೆ ವಾಲುತ್ತದೆ, ಬಲತೋಳಿನಲ್ಲಿ ಇದೆಯಲ್ಲ, ಸೋಮವಾರ ಚನ್ನಾಜಕ್ಕನ ಇದೇ ಜಗಲಿಯ ಮೇಲೆ ಕೂತು ನಾನೇ ಹಾಕಿದ್ದು, ಬಲಗೈಯಲ್ಲಿ ಸೂಜಿ ಹಿಡಿಯುವ ಯಾವ ಹೆಂಗಸಿನ ಹೊಲಿಗೆಯಾದರೂ ಬಲಕ್ಕೇ ವಾಲುವುದು, ನರಸೀಪುರದಲ್ಲಿ ಎಡಕ್ಕೆ ವಾಲುತ್ತಿದ್ದದ್ದು ನಾನು ಕಂಡಂತೆ ಒಬ್ಬಳದು ಮಾತ್ರ, ಗೌತಮಿಯದು, ಅವಳು ಹೋಗಿ ಏಳು ತಿಂಗಳಾಯಿತು, ಈ ಕೆಂಪು ಬಟ್ಟೆ ಕೊಂಡು ಇನ್ನೂ ಒಂದು ತಿಂಗಳಾಗಿಲ್ಲ, ಹಾಗಿದ್ದ ಮೇಲೆ ಇದು ಹೇಗೆ — ನಿಧಾನ ಶಾಂತಿ, ಮೂಗೂರಿನ ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ಸಂಭಾಳಿಸುವವಳು ನೀನು, ಒಂದು ಬ್ಲೌಸಿನ ತೋಳು ನೋಡಿ ಎದೆ ಢವಗುಟ್ಟಿಸಿಕೊಳ್ಳಬೇಡ, ಯೋಚನೆ ಮಾಡು, ಟೈಲರ್ ತನ್ನ ಮೆಷಿನ್ ಹೊಲಿಗೆ ಮುಗಿಸಿ ಸೋಮವಾರ ಕೊಟ್ಟ, ತೋಳಿನ ಅಂಚಿಗೆ ಹೆಮ್ಮಿಂಗ್, ಹುಕ್ಸು, ಕಾಜಾ, ಇವೆಲ್ಲ ಕೈಕೆಲಸ ನಮ್ಮದು ಅಂತ ಅವನಿಗೆ ಮೊದಲೇ ಹೇಳಿದ್ದೆವು, ಗೌತಮಿಯ ಮಗಳು ಲಿಖಿತಾಳ ಧಾರೆ ಸೀರೆಯ ಬ್ಲೌಸು ಇದು, ಇದಕ್ಕೆ ಅವಳಮ್ಮನ ಗೆಳತಿಯರ ಕೈ ತಾಗದಿದ್ದರೆ ಹೇಗೆ, ಸೋಮವಾರ ಸಂಜೆ ಬಲತೋಳು ಮುಗಿಸಿದೆ, ನಿನ್ನೆ ಮೊನ್ನೆ ಬರಲಾಗಲಿಲ್ಲ, ಇವತ್ತು ಬಂದು ಚನ್ನಾಜಕ್ಕನ ಬೀರುವಿನಿಂದ ತೆಗೆದು ಬಿಚ್ಚಿದರೆ ಎಡತೋಳಿಗೆ ಅರ್ಧ ಸುತ್ತು ಹೆಮ್ಮಿಂಗ್ ಆಗಿಹೋಗಿದೆ, ಇನ್ನರ್ಧ ಸುತ್ತು ಹಾಗೇ ಮಡಚಿ ಕಚ್ಚಾ ಹೊಲಿಗೆಯಲ್ಲಿ ನಿಂತಿದೆ. ನಾಳೆ ಚಪ್ಪರ. ದೀಪ ಹಚ್ಚುವ ಹೊತ್ತಿಗೆ ಬ್ಲೌಸ್ ತೆಗೆದುಕೊಂಡು ಹೋಗಲು ಲಿಖಿತಾ ಬರುತ್ತಾಳೆ, ಈಗ ನಾಲ್ಕೂವರೆ, ಇದನ್ನು ಬಿಚ್ಚಿ ಬಲಕ್ಕೆ ಹೊಲಿಯಬೇಕೋ ಹಾಗೇ ಬಿಡಬೇಕೋ ಅಷ್ಟರೊಳಗೆ ತೀರ್ಮಾನವಾಗಬೇಕು, ಸತ್ತವಳ ಕೈಹೊಲಿಗೆ ತೊಟ್ಟು ಮದುಮಗಳು ಹಸೆಮಣೆ ಏರಿದಳು ಅಂತ ಯಾರಿಗಾದರೂ ಗೊತ್ತಾದರೆ ಊರು ಸುಮ್ಮನಿರುತ್ತದೆಯೇ.

ಚನ್ನಾಜಕ್ಕ ಹಾಕಿರಬಹುದೇ, ಒಳಗೆ ರವೆ ಹುರಿಯುತ್ತಿದ್ದಾಳೆ, ತುಪ್ಪದ ವಾಸನೆ ಜಗಲಿಯವರೆಗೂ ಬರುತ್ತಿದೆ, ಇಲ್ಲ, ಅವಳ ಕಣ್ಣಿಗೆ ಪೊರೆ ಬಂದು ಎರಡು ವರ್ಷ, ಅವಳ ಸೂಜಿಗೆ ದಾರ ಪೋಣಿಸಿಕೊಡುವವಳೇ ನಾನು, ಅವಳ ಹೊಲಿಗೆ ಒಂದೊಂದೂ ಭತ್ತದ ಕಾಳಿನಷ್ಟುದ್ದ, ಅವಳ ಯಜಮಾನರು ಶಿವಮಲ್ಲಪ್ಪನವರಂತೂ ಸೂಜಿ ಅಂದರೆ ಶುಗರ್ ಟೆಸ್ಟ್ ಅಂದುಕೊಂಡು ಎದ್ದು ಹೋಗುವವರು, ನಾವು ಮೂವರು ಇಲ್ಲಿ ಕೂತರೆ ಸಾಕು, ಮೂರು ಸೂಜಿ ಮೂವತ್ತು ಬಾಯಿ ಅಂತ ಪೇಪರಿನ ಹಿಂದಿನಿಂದ ಗೊಣಗುತ್ತಿದ್ದರು, ಮತ್ತೆ ಲಿಖಿತಾಳೇ? ಅವಳು ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋದವಳು, ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂತಾರೆ, ನಮ್ಮನೇಲಿ ನೂಲೇ ಬ್ಯಾರೆ ಸೀರೇನೇ ಬ್ಯಾರೆ ಕಣೇ ಅಂತ ಗೌತಮಿ ನಗುತ್ತಿದ್ದಳು, ನಕ್ಕಾಗ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುವುದು, ಕವಲಂದೆಯಿಂದ ಮದುವೆಯಾಗಿ ಈ ಬೀದಿಗೆ ಬಂದ ಹುಡುಗಿ, ಚನ್ನಾಜಕ್ಕನ ಮನೆಯಿಂದ ಮೂರನೆಯದು ಅವಳದು, ನಾವು ಮೂವರೂ ಸಿಕ್ಕಿದ್ದು ಹೊಲಿಗೆ ಕ್ಲಾಸಿನಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ, ಟೀಚರ್ ಗೋವಿಂದಮ್ಮ ಸ್ಕೇಲಿನಲ್ಲಿ ಅವಳ ಎಡಗೈಗೆ ಒಂದು ಕೊಟ್ಟು ಬಲಗೈಲಿ ಹಿಡಿಯೇ, ಊರಿಗೇ ಒಂದು ದಾರಿಯಾದ್ರೆ ಎಡವಟ್ಟಿಗೇ ಒಂದು ದಾರಿ ಅಂದರು, ಗೌತಮಿ ಕೈ ಉಜ್ಜಿಕೊಳ್ಳುತ್ತ, ದಾರಿ ಬ್ಯಾರೆ ಆದ್ರೇನು ಮೇಡಂ, ಅಂಚು ಮುಚ್ಚುದ್ರೆ ಆಯ್ತಲ್ವಾ, ಅಂದಳು, ಅವತ್ತೇ ಅವಳು ನನಗೆ ಇಷ್ಟವಾದಳು. ಸೂಜಿ ಬೇಕಾದಾಗ ತಲೆ ಎತ್ತುತ್ತಿರಲಿಲ್ಲ, ಎಡಗೈ ಚಾಚುವಳು, ಅಂಗೈ ಮೇಲಾಗಿ, ಬೆರಳು ತುಸು ಬಾಗಿಸಿ, ಕೊಡೇ ಅನ್ನುವಳು ಅಷ್ಟೇ, ಚನ್ನಾಜಕ್ಕ ಬೈಯುವಳು, ಎಡಗೈ ಚಾಚ್ಬ್ಯಾಡ, ಕೈಯಿಂದ ಕೈಗೆ ಸೂಜಿ ಕೊಡಬಾರ್ದು, ಜಗಳ ಆಯ್ತದೆ, ಬಟ್ಟೆಗೆ ಸಿಕ್ಸಿ ಕೆಳಗಿಡ್ರೇ, ನಾನು ಮಾತ್ರ ಬೇಕೆಂದೇ ಆ ಅಂಗೈಯ ನಡುವೆ ಇಡುತ್ತಿದ್ದೆ, ಇಪ್ಪತ್ತೆರಡು ವರ್ಷ ಇಟ್ಟೆ, ಜಗಳ ಆಗಲಿಲ್ಲ. ಬಲಗೈಯ ಮಧ್ಯದ ಬೆರಳು ಯಾಕೋ ಚುರುಚುರು ಅನ್ನುತ್ತಿದೆ, ಮಂಗಳವಾರ ಸಾರಿಗೆ ಹುಣಸೆಹಣ್ಣು ಕಿವುಚುವಾಗಲೂ ಹೀಗೇ ಉರಿಯಿತು, ತುದಿಯಲ್ಲಿ ಸಣ್ಣ ಸಣ್ಣ ಚುಕ್ಕೆ, ಏನೋ ಮುಳ್ಳಿರಬೇಕು.

ಬಟ್ಟೆ ಮಾತ್ರ ಏನು ಚೆನ್ನಾಗಿದೆ, ರುಬಿಯಾ, ಕುಂಕುಮದ ಕೆಂಪು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಗಂಜಿ ಇಲ್ಲ, ನಿಜವಾದ ನೂಲು, ಇದನ್ನು ನೋಡಲು ಕಲಿಸಿದವಳೂ ಅವಳೇ, ಅಂಗಡಿಯವ್ನ ಬಾಯ್ ನೋಡ್ಬ್ಯಾಡ, ಬಟ್ಟೆ ಮಡಿಕೆ ನೋಡು, ಮಡಿಕೆ ಬಿದ್ದ ಕಡೆ ಬಿಳೀ ಗೆರೆ ಕಂಡ್ರೆ ಗಂಜಿ ಬಟ್ಟೆ ಅದು. ಎರಡು ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗುವುದು ನಮಗೆ ಹಬ್ಬ, ಮೈಸೂರು ಬೇಡ, ಮೈಸೂರಲ್ಲಿ ಅಂಗಡಿ ನಮ್ಮನ್ನ ನೋಡ್ತದೆ, ನಂಜನಗೂಡಲ್ಲಿ ನಾವು ಅಂಗಡಿ ನೋಡ್ತೀವಿ ಅನ್ನುವಳು, ಬಸ್ಸು ಫ್ರೀ ಆದ ಮೇಲಂತೂ ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು, ಕಿಟಕಿ ಪಕ್ಕ ಅವಳು, ನಡುವೆ ನಾನು, ಈಚೆ ಚನ್ನಾಜಕ್ಕ, ದಾರಿಯಲ್ಲಿ ಹದಿನಾರು ಅನ್ನುವ ಊರಿನಲ್ಲಿ ಹತ್ತಿದ ಹೆಂಗಸರ ಸೀರೆ ಅಂಚುಗಳನ್ನೆಲ್ಲ ನೋಡಿ ಮಾರ್ಕು ಕೊಡುತ್ತ ಹೋಗುವುದು, ಬಜಾರಿನಲ್ಲಿ ಅಮೃತೇಶನ ಅಂಗಡಿ, ಒಳಗೆ ಕಾಲಿಟ್ಟರೆ ಹೊಸ ಬಟ್ಟೆಯ ಆ ವಾಸನೆ, ಸ್ವಲ್ಪ ಸೀಮೆಎಣ್ಣೆ ಸ್ವಲ್ಪ ಅನ್ನದ ತಿಳಿ, ಅಮೃತೇಶ ಥಾನನ್ನು ಕೌಂಟರಿನ ಮೇಲೆ ದಬ್ ದಬ್ ಅಂತ ಉರುಳಿಸುವುದು, ಅಂಚಿಗೆ ಕತ್ತರಿಯಲ್ಲಿ ಚೂರು ಕೊಟ್ಟು ಎರಡು ಕೈಯಲ್ಲಿ ಹಿಡಿದು ಚರ್ರೆಂದು ಹರಿಯುವುದು, ಆ ಸದ್ದಿಗೆ ನಾವು ಮೂವರೂ ಕಣ್ಣು ಮುಚ್ಚುತ್ತಿದ್ದೆವು, ಆಮೇಲೆ ದಾರದ ಉಂಡೆಗಳನ್ನು ಹೊಸ್ತಿಲ ಬೆಳಕಿಗೆ ತಂದು ಬಣ್ಣ ಹೊಂದಿಸುವುದು, ಟ್ಯೂಬ್‌ಲೈಟಲ್ಲಿ ಎಲ್ಲಾ ದಾರಾನೂ ಸುಳ್ಳು ಹೇಳ್ತದೆ ಅನ್ನುವಳು, ಆಮೇಲೆ ಸೆಟ್ ದೋಸೆ, ಆಮೇಲೆ ಕಪಿಲಾ ಹೊಳೆಯ ಮೆಟ್ಟಿಲು, ಬಟ್ಟೆಯ ಮೂಲೆಯನ್ನು ನೀರಿಗೆ ಅದ್ದಿ ಬಿಳೀ ಕರ್ಚೀಫಿಗೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡುವುದು, ಬಿಟ್ಟರೆ ವಾಪಸ್ ಹೋಗಿ ಅಮೃತೇಶನ ಜೊತೆ ಜಗಳ, ಅದೂ ಒಂದು ಸುಖ. ಒಂದೇ ಥಾನಿನಿಂದ ಮೂರು ಬ್ಲೌಸ್ ಪೀಸು, ಅದು ನಮ್ಮ ನೇಮ, ಜಗತ್ತು ಮುಳುಗಿದರೂ ಮೂರು. ಹೋದ ತಿಂಗಳು ನಾವಿಬ್ಬರೇ ಹೋದೆವು, ಮೊದಲ ಸಲ, ಲಿಖಿತಾಳ ಬ್ಲೌಸಿಗೆ ಬಟ್ಟೆ ನೋಡಲು ಅಂತ, ಕಂಡಕ್ಟರ್ ಮೂರು ಟಿಕೆಟ್ ಹರಿದ, ಇಬ್ರೇ ಕಣಪ್ಪ ಅಂದಳು ಚನ್ನಾಜಕ್ಕ, ಅವನು ಕಿಟಕಿ ಪಕ್ಕದ ಜಾಗವನ್ನು ನೋಡಿದ, ಅಲ್ಲಿ ನನ್ನ ಬ್ಯಾಗಿತ್ತು, ಓ, ಬ್ಯಾಗಾ, ಯಾರೋ ಕೂತಂಗಿತ್ತು ಅಮ್ಮಾ, ಅಂತ ಮುಂದೆ ಹೋದ, ಯಾಕೆ ಕಿಟಕಿ ಪಕ್ಕ ಬ್ಯಾಗಿಟ್ಟು ನಾನು ನಡುವೆ ಕೂತಿದ್ದೆ ಅಂತ ಆಮೇಲೆ ಹೊಳೆಯಿತು. ಅಮೃತೇಶನೂ ಹಾಗೇ, ಫೋನಿನಲ್ಲಿ ಯಾರಿಗೋ ರೇಟು ಹೇಳುತ್ತ ಹೇಳುತ್ತ ಈ ಕೆಂಪು ಥಾನು ಉರುಳಿಸಿ ಚರ್, ಚರ್, ಚರ್, ನಿಲ್ಲಪ್ಪಾ ಅನ್ನುವುದರೊಳಗೆ ಮೂರು ತುಂಡು, ಅಯ್ಯೋ ಮರೆತೆ ಕಣಕ್ಕಾ, ಕೈ ರೂಢಿ, ಅಂತ ಹಣೆ ಚಚ್ಚಿಕೊಂಡ, ಹರಿದ ಬಟ್ಟೆಯನ್ನು ಥಾನಿಗೆ ಸೇರಿಸಲಾದೀತೇ, ಇರ್ಲಿ ಬುಡು, ಅವಳ ಪಾಲು ಅವಳ ಮಗೀಗೇ ಆಯ್ತದೆ, ಅಂದಳು ಚನ್ನಾಜಕ್ಕ, ಹೀಗೆ ಬಂದದ್ದು ಈ ಬಟ್ಟೆ, ಮೂರನೆಯ ತುಂಡು, ಗೌತಮಿಯ ಪಾಲು. ಹೊಳೆಯಲ್ಲಿ ನಾವು ಅದ್ದಿದ್ದು ನಮ್ಮಿಬ್ಬರ ತುಂಡುಗಳ ಮೂಲೆ ಮಾತ್ರ, ಮನೆಗೆ ಬಂದು ತೆಗೆದರೆ ಮೂರರ ಮೂಲೆಯೂ ಒದ್ದೆ, ಒಂದೇ ಚೀಲದಲ್ಲಿತ್ತಲ್ಲ, ತಾಗಿರಬೇಕು ಅಂದಳು ಚನ್ನಾಜಕ್ಕ, ತಾಗಿರಬೇಕು ಅಂದೆ ನಾನೂ.

ಅವಳು ಬಂದಿದ್ದಾಳೆ ಅಂತ ನಾನ್ಯಾಕೆ ಅಂದುಕೊಳ್ಳಬೇಕು, ಬಸ್ಸು, ಅಂಗಡಿ, ಚೀಲ, ಎಲ್ಲಕ್ಕೂ ಕಾರಣ ಇದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಿದೆ ನನ್ನ ಕಥೆ, ಚನ್ನಾಜಕ್ಕನಿಗೆ ಭಯವಿಲ್ಲ, ಭಯ ನನಗೆ, ಯಾಕೆಂದರೆ ಸೂಜಿ ಕೇಳಿದ್ದು ನನ್ನನ್ನು. ಗೌತಮಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು, ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಮೈಸೂರಿಗೆ, ಮೊದಲ ಸಲವೇ ನರ್ಸಿಗೆ ಹೇಳಿದ್ದಳಂತೆ, ಬಲಗೈಗೆ ಚುಚ್ಚವ್ವ, ಎಡಗೈ ನಂಗೆ ಹೊಲಿಯಾಕೆ ಬೇಕು, ಕೊನೆಕೊನೆಗೆ ಮೈಯೆಲ್ಲ ಊದಿಕೊಂಡು ಬಳೆ ತೆಗೆಯಲಾಗದೆ ಒಡೆದು ತೆಗೆದರು, ಆ ಎಡಗೈ ಮಾತ್ರ ಸಣ್ಣಗೇ ಇತ್ತು, ಅವತ್ತು ಶುಕ್ರವಾರ, ಲಿಖಿತಾಳಿಗೆ ಗಂಡು ಗೊತ್ತಾಗಿ ಒಂದು ವಾರ, ಮಂಚದ ಮೇಲೆ ದಿಂಬಿಗೆ ಒರಗಿಕೊಂಡು, ಮಗಿ ಬ್ಲೌಸಿಗೆ ಹೆಮ್ಮಿಂಗ್ ನಂದೇ ಕಣೇ ಶಾಂತಿ, ಯಾರೂ ಕೈ ಹಾಕ್ಕೂಡ್ದು, ಕೈ ಮರ್ತೋಗ್ಯದೆ, ಒಂದು ತುಂಡು ಬಟ್ಟೆ ಮ್ಯಾಲೆ ಹಾಕಿ ನೋಡ್ತೀನಿ, ಸೂಜಿ ಕೊಡು ಅಂದಳು, ಎಡಗೈ ಚಾಚಿದಳು, ಅಂಗೈ ಮೇಲಾಗಿ, ಬೆರಳು ತುಸು ಬಾಗಿಸಿ. ಲಿಖಿತಾ ಆಗಷ್ಟೇ ದೇವರ ಗೂಡಿಗೆ ದೀಪ ಹಚ್ಚಿ ಒಳಗೆ ಹೋಗಿದ್ದಳು, ನಾನು ಎದ್ದು ನಿಂತಿದ್ದೆ, ದೀಪ ಹಚ್ಚಾಯ್ತಲ್ಲೇ, ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರ್ದು, ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ ಅಂದೆ, ಅವಳಿಗೆ ನಗು ಬಂತು, ನಿಂಗ್ಯಾವಾಗಿಂದ ಬಂತೇ ಈ ಶಾಸ್ತ್ರ, ಶುಕ್ರವಾರ ಉಗುರು ಕತ್ತರ್ಸೋಳು ನೀನು, ಅಂದಳು, ನಿಜ, ನನಗೆ ಯಾವ ಶಾಸ್ತ್ರವೂ ಇಲ್ಲ, ಸೂಜಿ ಡಬ್ಬಿ ಬ್ಯಾಗಿನ ತಳದಲ್ಲಿತ್ತು, ಮೇಲೆ ಟಿಫನ್ ಬಾಕ್ಸು, ಛತ್ರಿ, ಅಂಗನವಾಡಿ ರಿಜಿಸ್ಟರು, ಜಿಪ್ ಹಾಕಿಯಾಗಿತ್ತು, ಮೂಗೂರಿನ ಆರೂವರೆ ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಕಾರಣ, ಬೇರೆ ಏನೂ ಇಲ್ಲ, ಸುಲಭವಾಗಿ ಸಿಕ್ಕ ಸುಳ್ಳಿಗೆ ಶಾಸ್ತ್ರದ ಹೆಸರಿಟ್ಟೆ, ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದಾಗಲೂ ಕೈ ಚಾಚಿಯೇ ಇತ್ತು. ಬೆಳಿಗ್ಗೆ ಐದೂವರೆಗೆ ಅವಳ ಗಂಡ ರಘುವಿನ ಫೋನು. ಬೆಳಿಗ್ಗೆ ಸೂಜಿ ತಂದೆ, ಹೇಳಿದ ಮಾತಿನಂತೆ ತಂದೆ, ಮುತ್ತೈದೆ ಸಾವು, ಹಸಿರು ಸೀರೆ ಉಡಿಸಬೇಕು, ಊದಿದ ಮೈಗೆ ಯಾವ ರವಿಕೆಯೂ ಹತ್ತಲಿಲ್ಲ, ಚನ್ನಾಜಕ್ಕ ಬೆನ್ನಿನ ಕಡೆ ಕತ್ತರಿಸಿ ತೊಡಿಸಿದಳು, ಯಾರಾದ್ರೂ ಒಂದೆರಡು ಹೊಲಿಗೆ ಹಾಕ್ರೇ ಅಂದಳು, ಬದುಕಿರುವವರ ಮೈಮೇಲೆ ಬಟ್ಟೆ ಹೊಲಿಯಬಾರದು ಅನ್ನುವುದು ಇದಕ್ಕೇ, ಹೀಗೆ ಹೊಲಿಯುವುದು ಸತ್ತವರಿಗೆ ಮಾತ್ರ, ಒಬ್ಬ ಹೆಂಗಸೂ ಮುಂದೆ ಬರಲಿಲ್ಲ, ನಾನು ದಾರ ಪೋಣಿಸಿದೆ, ಅವಳ ಮೈಮೇಲೇ ಹೊಲಿದೆ, ಬಲಕ್ಕೆ ವಾಲಿದ ಹೊಲಿಗೆ, ಕಣ್ಣೀರಿಗೆ ಏನೂ ಕಾಣದೆ ಎರಡು ಸಲ ಅವಳಿಗೆ ಚುಚ್ಚಿದೆ, ಅವಳು ಹಾ ಅನ್ನಲಿಲ್ಲ. ಕೈಗಳನ್ನು ಎದೆಯ ಮೇಲೆ ಜೋಡಿಸಲು ಹೋದರೆ ಬಲಗೈ ನಿಂತಿತು, ಎಡಗೈ ಜಾರಿ ಜಾರಿ ಪಕ್ಕಕ್ಕೆ ಬಂದು ಅಂಗೈ ಬಿಚ್ಚಿಕೊಳ್ಳುತ್ತಿತ್ತು, ಕೊನೆಗೆ ದಾರ ಸುತ್ತಿ ಕಟ್ಟಿದರು. ಆ ಸೂಜಿಯನ್ನು ಮನೆಗೆ ತರಬಾರದು, ಅದು ಅವಳ ಜೊತೆಗೇ ಹೋಯಿತು.

ಬಿಚ್ಚಬೇಕು, ಅದೇ ಸರಿ, ಮದುವೆ ಮನೆ, ನಾಳೆ ಹೆಚ್ಚುಕಡಿಮೆ ಏನಾದರೂ ಆದರೆ ಈ ತೋಳಿನ ಮೇಲೆ ನನ್ನ ಕಣ್ಣು ಹೋಗದೆ ಇರುತ್ತದೆಯೇ, ಮೊದಲ ಗಂಟನ್ನು ಬ್ಲೇಡಿನ ತುದಿಯಿಂದ ಎತ್ತಿ, ಹೀಗೆ, ಒಂದು, ಎರಡು, ದಾರ ಬಿಗಿಯಾಗಿ ಕೂತಿದೆ, ಎಳೆದರೆ ಬಟ್ಟೆಯೇ ಎದ್ದು ಬರುತ್ತದೆ, ಬಿಡುವುದಿಲ್ಲ ಅನ್ನುತ್ತದೆ, ಗೌತಮಿ ಎಳೆದು ಕೂರಿಸಿದ ಹೊಲಿಗೆ ಬಿಚ್ಚುವುದೆಂದರೆ ಟೈಲರೂ ಕೈ ಮುಗಿಯುತ್ತಿದ್ದ, ಬಿಚ್ಚಿದರೆ ಎರಡನೇ ಸಲ ಇಲ್ಲ ಅಂದ ಹಾಗಾಗುತ್ತದೆ ಶಾಂತಿ, ಮೊದಲ ಸಲ ಬಸ್ಸಿತ್ತು, ಈಗ ಏನಿದೆ ನಿನಗೆ — ಬಿಚ್ಬ್ಯಾಡ ಕಣೇ, ಎಷ್ಟು ಚಂದಾಗಿ ಹಾಕಿದ್ದೀಯ, ಥೇಟು ಅವಳಂಗೇ, ಚನ್ನಾಜಕ್ಕ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದಾಳೆ, ಸೆರಗಿಗೆ ರವೆ ಮೆತ್ತಿಕೊಂಡಿದೆ, ಯಾರು ಹಾಕಿದ್ದು ಅಕ್ಕಾ ಅಂದೆ, ಇನ್ಯಾರು, ನೀನೇ ಅಲ್ವೇ, ಸೋಮಾರ ಬಲತೋಳು ಮುಗುಸ್ದೆ, ನಾನು ಒಳಗೋಗಿ ದೀಪ ಹಚ್ಚಿ ಬತ್ತೀನಿ, ನೀನು ಸೂಜಿ ಎಡಗೈಗೆ ತಗಂಡು ಆ ತೋಳು ಹಿಡ್ಕಂಡಿದ್ದೆ, ನಾನಾ ಅಂದೆ, ಹೂಂ ಕಣೇ, ಮಗೀಗೆ ಅವರವ್ವನ ಹೊಲಿಗೆ ಇರ್ಲಿ ಅಂತ ಅವಳಂಗೇ ಹಾಕ್ತಾವ್ಳೆ ಅಂದ್ಕಂಡೆ, ನನ್ ಕಣ್ಣಲ್ ನೀರು ಬಂತು, ಕಾಫಿ ಕುಡೀತೀಯಾ ಅಂದೆ, ನೀನು ಉಂ ಅನ್ಲಿಲ್ಲ ಊಹೂಂ ಅನ್ಲಿಲ್ಲ, ಆಮ್ಯಾಲೆ ಕರೆಂಟ್ ಹೋಯ್ತು, ನೀನು ಬಟ್ಟೆ ಮಡಗ್ಬುಟ್ಟು ಎದ್ದು ಹೊಂಟೋದೆ, ಬತ್ತೀನಿ ಅಂತಾನೂ ಅನ್ಲಿಲ್ಲ, ಮನಸ್ಸಿಗೆ ಬ್ಯಾಜಾರು ಮಾಡ್ಕಂಡಿದ್ದೀಯ ಅಂತ ಸುಮ್ಕಾದೆ. ನಿಂಗೆ ಕಣ್ಣು ಕಾಣಲ್ಲ ಅಕ್ಕಾ ಅಂದೆ, ಕೋಪ ಬಂದಿತ್ತು ನನಗೆ, ಸೂಜಿ ಕಣ್ಣು ಕಾಣಕಿಲ್ಲ, ಎದ್ರುಗೆ ಕೂತೋರ ಕೈ ಕಾಣಕಿಲ್ವೇ, ಅಂದಳು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಹೆಂಗಸಲ್ಲ ಅವಳು, ಕಂಡದ್ದನ್ನು ಕಂಡ ಹಾಗೆ ಹೇಳುವವಳು, ಲೋಟ ನನ್ನ ಪಕ್ಕ ಇಟ್ಟು ಒಳಗೆ ಹೋದಳು, ರವೆ ಸೀಯುತ್ತಿದೆಯಂತೆ.

ಸೋಮವಾರ, ಸೋಮವಾರ ಏನಾಯಿತು, ಬಲತೋಳಿನ ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಚ್ಚಿದೆ, ಒಳಗೆ ಬೆಂಕಿಕಡ್ಡಿ ಗೀರಿದ ಸದ್ದು, ಊದಿನಕಡ್ಡಿಯ ವಾಸನೆ, ಆಮೇಲೆ, ಆಮೇಲೆ ಬಸ್ ಸ್ಟ್ಯಾಂಡು, ನಡುವೆ ಏನೂ ಇಲ್ಲ, ಹೊಸ ಥಾನಿನಿಂದ ಒಂದು ಮೀಟರ್ ಯಾರೋ ಹರಿದುಕೊಂಡು ಹೋದ ಹಾಗೆ, ಮನೆಗೆ ಹೋದಾಗ ಎಂಟು, ಯಾಕಿಷ್ಟು ಹೊತ್ತು ಅಂದರು ಮನೆಯವರು, ಬಸ್ ಲೇಟು ಅಂದೆ, ಬಸ್ ಲೇಟಾಗಿತ್ತೇ? ಎಡಗೈಯಲ್ಲಿ ನಾನು ಹುಟ್ಟಿದಾಗಿನಿಂದ ಒಂದು ಗೆರೆ ಎಳೆದವಳಲ್ಲ, ಎಡಗೈಯಲ್ಲಿ ರಂಗೋಲಿ ಪುಡಿ ಹಿಡಿದರೆ ಸೋರಿಹೋಗುತ್ತದೆ, ಮತ್ತೆ ಇಷ್ಟು ಸಣ್ಣ ಹೊಲಿಗೆ — ಬೆರಳು. ಬಲಗೈಯ ಬೆರಳು. ಹೊಲಿಯುವಾಗ ಚುಚ್ಚಿಸಿಕೊಳ್ಳುವುದು ಸೂಜಿ ಹಿಡಿದ ಕೈಯಲ್ಲ, ಬಟ್ಟೆಯ ಕೆಳಗಿರುವ ಕೈ, ನನಗೆ ಯಾವತ್ತೂ ಚುಚ್ಚಿಕೊಳ್ಳುವುದು ಎಡಗೈಯ ಬೆರಳಿಗೆ, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಚರ್ಮ ದಪ್ಪಗಾಗಿದೆ, ಬಲಗೈಯ ಬೆರಳಿಗೆ ರೂಢಿಯಿಲ್ಲ, ಅದಕ್ಕೇ ಹುಣಸೆಹಣ್ಣಿಗೆ ಉರಿದದ್ದು, ಚುಕ್ಕೆಗಳು ಎಷ್ಟಿವೆ, ಬೇಡ, ಎಣಿಸಬೇಡ, ಎದ್ದು ಹೋಗೋಣವೇ, ಬ್ಲೌಸ್ ಇಲ್ಲೇ ಇಟ್ಟು ತಲೆನೋವು ಅಂತ ಹೇಳಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಯಾರಿಗಾದರೂ ಹೇಳಿದರೆ ಏನಂದಾರು, ಅಂಗನವಾಡಿ ಟೀಚರಿಗೆ ಗಾಳಿ ಸೋಕಿದೆ ಅಂತ ಮಕ್ಕಳನ್ನು ಕಳಿಸುವುದು ಬಿಟ್ಟಾರು, ಭಯ ಆಗುತ್ತಿದೆ ನನಗೆ, ಭಯಕ್ಕಿಂತ ಹೆಚ್ಚಾಗಿ ಅವಳ ನೆನಪು ಆಗುತ್ತಿದೆ, ಎರಡೂ ಒಂದೇ ಕಡೆಯಿಂದ ಬರುತ್ತಿವೆ. ಕಾಫಿ ಕೆನೆ ಕಟ್ಟಿದೆ, ಬೀದಿಯಲ್ಲಿ ಸ್ಕೂಟಿ ನಿಂತ ಸದ್ದು.

ಲಿಖಿತಾ, ಹಿಂದೆ ಕೂತು ಬಂದಿದ್ದಾಳೆ, ಎರಡು ಕೈಗೂ ಮೆಹಂದಿ ಮೊಣಕೈವರೆಗೆ, ಇನ್ನೂ ಒಣಗಿಲ್ಲ, ಎರಡೂ ಕೈ ಎತ್ತಿಕೊಂಡೇ ಮೆಟ್ಟಿಲು ಹತ್ತುತ್ತಾಳೆ, ಆಂಟಿ, ಮುಗೀತಾ ನಂದು, ಮುಟ್ಟಂಗಿಲ್ಲ, ನೀವೇ ತೋರ್ಸಿ, ಅಂದಳು, ನಾನು ಬಲತೋಳನ್ನೇ ಮುಂದೆ ಮಾಡಿದೆ, ಎಡದ್ದನ್ನು ಮಡಿಕೆಯೊಳಗೆ ಒತ್ತಿಕೊಂಡೆ, ಹುಡುಗಿಯ ಕಣ್ಣು ಅಲ್ಲಿಗೇ ಹೋಯಿತು, ಆ ಕಡೇದು, ಆ ಕಡೇದು ತೋರ್ಸಿ, ತೋರಿಸಿದೆ, ಬಗ್ಗಿ ನೋಡಿದಳು, ತುಂಬಾ ಹೊತ್ತು, ಹೊಲಿಗೆ ಬಾರದವಳಿಗೆ ಏನು ಗೊತ್ತಾದೀತು ಅಂದುಕೊಂಡಿದ್ದೆ, ಆಂಟಿ, ಇದು ಅಮ್ಮಂದು, ಅಂದಳು, ಸ್ಕೂಲ್ ಲಂಗ ಎಲ್ಲಾ ಹಿಂಗೇ ಇತ್ತು, ಪ್ರೇಯರಲ್ಲಿ ನಿಂತಾಗ ಒಳ ಅಂಚು ಸವರ್ತಾ ಇರ್ತಿದ್ದೆ, ಅಮ್ಮ ಯಾವಾಗ ಹಾಕಿದ್ರು ಇದನ್ನ, ನಂಗೆ ಹೇಳ್ಲೇ ಇಲ್ಲ ನೀವು. ಬಟ್ಟೆ ಹೋದ ತಿಂಗಳು ಕೊಂಡದ್ದು ಅಂತ ಇವಳಿಗೆ ತಿಳಿಯದು, ತಿಳಿಸಬೇಕೇ, ಮುಖ ನೋಡಿದೆ, ಏಳು ತಿಂಗಳಲ್ಲಿ ಆ ಮುಖದಲ್ಲಿ ಇಂಥ ಬೆಳಕು ನಾನು ಕಂಡಿರಲಿಲ್ಲ, ಮೊದಲೇ ಕಣಮ್ಮ, ಮೊದಲೇ ಹಾಕಿಟ್ಟಿದ್ಲು ಅಂದೆ, ಅವಳು ಕೆನ್ನೆಯನ್ನು ಆ ತೋಳಿಗೆ ಒತ್ತಿಕೊಂಡಳು, ಕೈಯಲ್ಲಿ ಮುಟ್ಟಲಾಗದೆ, ಹಾಗೇ ನಿಂತಿದ್ದು ಕೇಳಿದಳು, ಮತ್ತೆ ಇನ್ನರ್ಧ ಯಾಕ್ ಬಿಟ್ರು. ಕೇಳಬೇಕಾದದ್ದೇ, ಯಾರಾದರೂ ಒಬ್ಬರು ನನ್ನನ್ನು ಕೇಳಲೇಬೇಕಿತ್ತು, ದೀಪ ಹಚ್ಬುಟ್ಟಿದ್ರು ಕಣಮ್ಮ ಅಂದೆ, ಅವಳಿಗೆ ಅರ್ಥವಾಗಲಿಲ್ಲ, ಅಷ್ಟನ್ನು ನೀವೇ ಹಾಕ್ಕೊಡಿ ಆಂಟಿ, ಅಮ್ಮನ ತರಾನೇ ಹಾಕಿ, ಆ ಕಡೆ ವಾಲಿಸ್ಕೊಂಡು, ನಾನು ಕಾಯ್ತೀನಿ, ಇದನ್ನೇ ಹಾಕ್ಕೋಬೇಕು ನಾನು, ಅಂದಳು, ಒಳಗಿನಿಂದ ಚನ್ನಾಜಕ್ಕ, ಬಾ ಮಗಾ, ರವೆ ಉಂಡೆ ಬಾಯಿಗಿಕ್ತೀನಿ, ಕೈ ಹಂಗೇ ಇರ್ಲಿ, ಅಂತ ಕರೆದಳು.

ಹೋದಳು, ಒಳಗೆ ನಗುತ್ತಿದ್ದಾರೆ, ಬೀದಿಯಲ್ಲಿ ಹಾಲಿನವನ ಹಾರ್ನು, ಯಾವುದೋ ಮನೆಯ ಕುಕ್ಕರು, ಎಲ್ಲ ಇದ್ದ ಹಾಗೇ ಇದೆ, ಸೂಜಿಗೆ ಕೆಂಪು ದಾರ ಪೋಣಿಸಿದ್ದೇನೆ, ಬಲಗೈಯಲ್ಲಿ ಹಿಡಿದಿದ್ದೇನೆ, ನನ್ನ ಬಲಗೈಯಲ್ಲಿ, ಬೇಕಾದರೆ ಬಟ್ಟೆಯನ್ನು ತಿರುವಿ ಹಿಡಿದು ನಾನೇ ಕಷ್ಟಪಟ್ಟು ವಾಲಿಸಬಹುದು, ಹುಡುಗಿಗೆ ಗೊತ್ತಾಗದಿರಬಹುದು, ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುತ್ತದೆ, ಒಳಗೆ ಬೆಂಕಿಕಡ್ಡಿ ಗೀರಿದ ಸದ್ದು, ಊದಿನಕಡ್ಡಿ, ಈಗ ಎದ್ದರೆ ಆರೂವರೆ ಬಸ್ಸು ಸಿಗುತ್ತದೆ, ಶಾಸ್ತ್ರವೂ ಇದೆ, ಯಾರೂ ತಪ್ಪು ಅನ್ನಲಾರರು, ದೀಪದ ಬೆಳಕು ಹೊಸ್ತಿಲು ದಾಟಿ ಜಗಲಿಗೆ ಬಂತು, ನನ್ನ ಮಡಿಲಿಗೆ ಬಂತು, ಮಡಿಲಿನಲ್ಲಿ ನನ್ನ ಎಡಗೈ ಇತ್ತು, ಬಟ್ಟೆಯ ಮೇಲೆ ಕವುಚಿಟ್ಟಿದ್ದೆ, ಈಗ ಅದು ಕವುಚಿಕೊಂಡಿಲ್ಲ, ಅಂಗೈ ಮೇಲಾಗಿದೆ, ಬೆರಳು ತುಸು ಬಾಗಿದೆ, ನಾನು ತಿರುಗಿಸಲಿಲ್ಲ, ನಾನು ತಿರುಗಿಸಲಿಲ್ಲ, ತಣ್ಣಗಿದೆ, ಕಾಯುತ್ತಿದೆ, ಎಷ್ಟು ಹೊತ್ತಾದರೂ ಕಾಯುತ್ತದೆ, ಹೊಸ್ತಿಲಾಚೆಯಿಂದ ತಿರುಗಿ ನೋಡಿದರೂ ಚಾಚಿಯೇ ಇರುತ್ತದೆ, ತಗೊಳ್ಳೇ ಗೌತಮಿ, ತಡವಾಯ್ತು ಕಣೇ, ತಗೋ, ದೀಪ ಉರಿಯುತ್ತಲೇ ಇದೆ, ಬಲಗೈಯಿಂದ ಎಡಗೈಗೆ, ಬಟ್ಟೆಗೆ ಸಿಕ್ಕಿಸದೆ, ಕೆಳಗಿಡದೆ, ಅಂಗೈಯ ನಡುವೆ ಇಟ್ಟೆ, ಇಟ್ಟೆ, ಬೆರಳುಗಳು ಮಡಚಿಕೊಂಡವು, ಒಂದೊಂದಾಗಿ, ಮಡಚಿದ್ದು ನಾನಲ್ಲ, ಅಂಗೈ, ಅದರ ನಡುವೆ ಸೂಜಿ, ಎಡ ಅಂಗೈ —